ಬದುಕಿದ ಗಿಡ ಎಣಿಸಲು ಹೋದದ್ದು

ಗಿಡ ನೆಡಿಸುವ ಕೆಲಸದಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ವಾರಕ್ಕೊಮ್ಮೆಯಾದರೂ ಅದೇ ಎದುರಾಗುತ್ತದೆ. ಎಂಬತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಈ ಕೆಲಸಕ್ಕೆ ಸೇರಿದ್ದೆ. ಆಳಂದ, ಜೇವರ್ಗಿ, ಅಫಜಲಪುರ ಮೂರೂ ತಾಲ್ಲೂಕಿಗೆ ಸೇರಿ, ಗಿಡ ಉಳಿಸಿದ ಯುವಕರಿಗೆ ಒಂದು ಬಹುಮಾನ ಎಂದಾಯಿತು. ಬದುಕಿದ ಗಿಡ ಎಣಿಸಿ ಹೆಸರು ಸೂಚಿಸುವುದು ನನ್ನ ಪಾಲಿಗೆ ಬಂತು.

೧. ಒಂದೂ ಸತ್ತಿಲ್ಲ

ಆಳಂದದ ಕಡೆಯ ಒಂದು ಯುವಕ ಸಂಘ ರಸ್ತೆ ಬದಿಗೆ ಬೇವು ನೆಟ್ಟಿತ್ತು. ಹೋಗಿ ನೋಡಿದರೆ ಒಂದೂ ಸತ್ತಿಲ್ಲ. ಬೇಸಿಗೆಯಲ್ಲಿ ಹಾಗಾಗುವುದಿಲ್ಲ. ಒಂದನ್ನು ಮುಟ್ಟಿದೆ, ಕೈಗೇ ಬಂತು. ಬೇರಿರಲಿಲ್ಲ. ಹಿಂದಿನ ಸಂಜೆ ಕಡಿದು ಚುಚ್ಚಿದ ಟೊಂಗೆ. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಕೈ ಹಾಕುವಾಗ ಸಂಘದ ಅಧ್ಯಕ್ಷ ತಡೆದ.

“ಸರ್, ನಿಮಗ ಎಣಸಾಕ ಕಳಿಸ್ಯಾರ. ಜಗ್ಗಾಕ ಕಳಿಸಿಲ್ಲ.”

೨. ಹಂಸಗಳು

ಜೇವರ್ಗಿ ಕಡೆಯ ಸಂಘದವರು ಪುರಾವೆಯನ್ನು ತಾವೇ ತಂದರು: ಒಂದು ದೊಡ್ಡ ಫೋಟೋ. ಆರು ಜನ ಸಲಿಕೆ, ಕೊಡ ಹಿಡಿದು ನಿಂತಿದ್ದರು. ಹಿಂದೆ ದಟ್ಟ ಕಾಡು, ಕೊಳ, ಎರಡು ಹಂಸ.

“ಇದು ಜೇವರ್ಗಿಯಾಗ ಎಲ್ಲಿ?”

“ಬಸ್ ಸ್ಟ್ಯಾಂಡ್ ಹತ್ರ ಸ್ಟುಡಿಯೋದಾಗ್ರಿ.”

“ಗಿಡ ಹಚ್ಚಿದ ಜಾಗದಾಗ ಯಾಕ ತಗಸಲಿಲ್ಲ?”

“ಅಲ್ಲಿ ಒಂದೂ ಗಿಡ ಇಲ್ರಿ. ಫೋಟೋ ಬೋಳ ಬೋಳ ಬರ್ತದ.”

೩. ಶಾಲು ಮತ್ತು ಬಹುಮಾನ

ಅಫಜಲಪುರದ ಕಡೆ ಸಂಘವಿರಲಿಲ್ಲ, ಒಬ್ಬ ಯುವಕನಿದ್ದ. ಊರ ಹೊರಗಿನ ಬಯಲಿಗೆ ಎರಡು ವರ್ಷ ಕೊಡದಲ್ಲಿ ನೀರು ಹೊತ್ತು, ಸುತ್ತ ಜಾಲಿ ಮುಳ್ಳು ಕಟ್ಟಿ, ಬೇವು, ಹೊಂಗೆ ಬೆಳೆಸಿದ್ದ. ಜಗ್ಗಿಯೂ ನೋಡಿದೆ, ಬರಲಿಲ್ಲ.

ಅವನ ವೈರಿಗಳೆಂದರೆ ಆಡುಗಳು. ಬೇಲಿ ನುಗ್ಗಿದ ಆಡನ್ನೆಲ್ಲ ಹಿಡಿದು ಕೊಂಡವಾಡಕ್ಕೆ, ಅಂದರೆ ಪಂಚಾಯ್ತಿಯ ದೊಡ್ಡಿಗೆ, ಹಾಕಿಸುತ್ತಿದ್ದ. ದಂಡ ಕೊಟ್ಟು ಬಿಡಿಸಿಕೊಂಡವರು ಅವನೊಂದಿಗೆ ಮಾತು ಬಿಟ್ಟಿದ್ದರು. ಅಂದರೆ ಅರ್ಧ ಊರು.

“ಸಾಹೇಬ್ರ, ನಾಕ್ ಮಂದ್ಯಾಗ ಒಂದ್ ಶಾಲು ಹಾಕ್ರಿ ಸಾಕು. ಊರವ್ರು ಗಿಡಕ್ಕ ಮರ್ಯಾದಿ ಕೊಡ್ತಾರ. ಇಲ್ಲಾಂದ್ರ ಈ ಬ್ಯಾಸಗಿಗೆ ಒಂದೂ ಉಳಿಯೂದಿಲ್ಲ” ಎಂದ.

ಹೆಸರು ಕಳಿಸಿದೆ. ಸಮಾರಂಭ ಅವನ ಊರಲ್ಲೇ ನಡೆಯಿತು. ಆಡಿನವರೂ ಬಂದು ಕೂತರು. ಶಾಲು, ಹಾರ, ತೆಂಗಿನಕಾಯಿ ಆಯಿತು. ಬಹುಮಾನವನ್ನು ಮೇಲಿನವರು ಸ್ವ-ಉದ್ಯೋಗದ ಯೋಜನೆಯೊಂದರಿಂದ ಹೊಂದಿಸಿದ್ದರು. ಏನೆಂದು ನನಗೆ ತಿಳಿಸಿರಲಿಲ್ಲ. ಜೀಪಿನಿಂದ ಇಳಿಸಿದಾಗ ಕಂಡೆ: ಎರಡು ಆಡು, ಕೊರಳಿಗೆ ರಿಬ್ಬನ್.

ಚಪ್ಪಾಳೆ ನಿಲ್ಲಲಿಲ್ಲ. ಹಗ್ಗ ಹಿಡಿದು ನಿಂತವನ ಹಾರವನ್ನು ಒಂದು ಆಡು ಆಗಲೇ ತಿನ್ನತೊಡಗಿತ್ತು.

“ಇವಕ್ಕ ಏನ್ ಹಾಕಲ್ರಿ?” ಎಂದು ನನ್ನನ್ನು ಕೇಳಿದ.

ಎಲ್ಲರಿಗಿಂತ ಹೆಚ್ಚು ಸಲ ದಂಡ ಕಟ್ಟಿದ ಮುದುಕಿ ಮುಂದಿನ ಸಾಲಿನಲ್ಲಿದ್ದಳು. ಎರಡು ವರ್ಷದ ಮೇಲೆ ಅವನೊಂದಿಗೆ ಬಾಯಿಬಿಟ್ಟಳು:

“ಮೇವಿನ ಚಿಂತಿ ಯಾಕೋ ತಮ್ಮಾ? ಇಷ್ಟು ಗಿಡ ಹಚ್ಚೀದಿ.”