ಫೌಜದಾರನ ಮೂಗು

ನೌಬಾದದ ಆ ಓಣಿಯವರು ಮಚ್ಛೇಂದ್ರನ ಮನೆಯ ಬಗ್ಗೆ ಹೇಳುತ್ತಿದ್ದದ್ದು ಇಷ್ಟೇ: “ಆ ಮನ್ಯಾಗ ಮೂರು ಜೀವ ಅವ. ಎರಡು ದಿನಾಲೂ ಬೊಗಳತಾವ, ಮೂರನೇದು ನಾಯಿ.”

ಆ ನಾಯಿಯ ಹೆಸರು ಫೌಜದಾರ. ಬಸ್ ಕಂಡಕ್ಟರಿಕೆಯಿಂದ ನಿವೃತ್ತನಾದ ಮೇಲೆ, ಅದಕ್ಕೆ ವಾಸನೆ ಹಿಡಿದು ಆಳು ಹುಡುಕುವ ವಿದ್ಯೆ ಕಲಿಸುವ ಹುಚ್ಚು ಮಚ್ಛೇಂದ್ರನಿಗೆ ಹತ್ತಿತ್ತು. ದಿನಾ ಮುಂಜಾನೆ ಹೆಂಡತಿ ಜಿಜಾಬಾಯಿ ಉಟ್ಟು ಬಿಟ್ಟ ಸೀರೆಯ ತುಂಡೊಂದನ್ನು ಮನೆಯಲ್ಲಿಟ್ಟು, ಓಣಿಯಾಚೆಯ ತೊಗರಿ ಹೊಲದಲ್ಲಿ ಹೋಗಿ ಅಡಗಬೇಕು. ಗಂಡ ಆ ತುಂಡು ಮೂಸಿಸಿ ನಾಯಿ ಬಿಡಬೇಕು. ನಾಯಿ ಒಂದು ದಿನವೂ ಹೊಲದ ಕಡೆ ಮುಖ ಮಾಡಿರಲಿಲ್ಲ. ಮರಿ ಕೊಟ್ಟವನು ಸಂತಪುರದ ನಾಗಸೇನ, ಜಿಜಾಬಾಯಿಯ ತಮ್ಮ. ಇವತ್ತು ಬರುವವನಿದ್ದ. ಇನ್ನೂ ಕಲಿತಿಲ್ಲವಾದರೆ ವಾಪಸು ಒಯ್ದು ಹೊಲದ ಮೋಟರ್ ಕಾಯಲು ಕಟ್ಟುತ್ತೇನೆ ಅಂದಿದ್ದ.

ಜಿಜಾಬಾಯಿ: ಇವತ್ತರೆ ಯಾಕ ಬರ್ಲಿಲ್ಲರಿ ನಿಮ್ಮ ಫೌಜದಾರ? ತೊಗರಿ ನಡುವ ಬಿಸಲಾಗ ಕುಂತು ಕುಂತು ನಾನೇ ಬ್ಯಾಳಿ ಆದೆ.

ಮಚ್ಛೇಂದ್ರ: ಮತ್ತ ಬಾಜೂ ಸಂದ್ಯಾಗಿನ ಚಾಂದಬೀ ಬಾಗಲಾ ಕೆರೀಲಾಕ ಹತ್ತಿತ್ತು. ಅವ್ರ ಮನ್ಯಾಗ ಖೀಮಾ ಕುದೀತದ, ಇದರ ಮೂಗು ಅಲ್ಲೇ ಬೀಳ್ತದ.

ಜಿಜಾಬಾಯಿ: ಸಾಕಿದವರ ಗತೆ. ಹೊಟ್ಟಿ ಹೇಳಿದ ಕಡೀಗೆ ಕಾಲು.

ಮಚ್ಛೇಂದ್ರ: ನನಗ ಅನಬ್ಯಾಡ. ತುಂಬಿದ ಬಸ್ಸಿನ್ಯಾಗ ಟಿಕೇಟ ಇಲ್ದವನ್ನ ಮೂಸಿ ಹಿಡದಾಂವ ನಾ!

ಜಿಜಾಬಾಯಿ: ಹೌದೌದು. ಔರಾದ ಬಸ್ಸಿನ್ಯಾಗ ನಮ್ಮವ್ವನ್ನೇ ಹಿಡದು ಇಳಿಸಿದ್ರಿ. ಟಿಕೇಟ ಆಕಿ ಕೈಯಾಗೇ ಇತ್ತು.

ಮಚ್ಛೇಂದ್ರ: ಆ ಹಳಿ ಮಾತ ಈಗ ಯಾಕ?

ಜಿಜಾಬಾಯಿ: ಮೂಗಿನ ಮಾತ ತಗದವರು ನೀವು. ಕಲಸಾವಂದೇ ಹಿಂಗಾದ್ರ ಅದೇನ ಕಲೀತದ? ಒಯ್ಲಿ ನಾಗಸೇನ.

ಹೊರಸಿನ ಕೆಳಗಿದ್ದ ಫೌಜದಾರ ನಿಟ್ಟುಸಿರು ಬಿಟ್ಟಿತು. ಮಚ್ಛೇಂದ್ರನ ದನಿ ಇಳಿಯಿತು.

ಮಚ್ಛೇಂದ್ರ: ಮೋಟರ ಹತ್ತರ ಸರಪಳಿ ಹಾಕಿ ಕಟ್ತಾನ, ಜಿಜಾ. ಮುಂಜಾನೆ ಎದ್ದು ನಾ ಯಾರ ಸಂಗಾಟ ತಿರಗಾಡ್ಲಿ?

ಜಿಜಾಬಾಯಿ ಬಾಯಿ ತೆರೆಯುವುದರೊಳಗೆ ಬಾಗಿಲಲ್ಲಿ ಪಕ್ಕದ ಸಂದಿಯ ಚಾಂದಬೀ. ಕೈಯಲ್ಲೊಂದು ಕನ್ನಡಕ.

ಚಾಂದಬೀ: ಜಿಜಾಕ್ಕಾ, ಚಷ್ಮಾ ನಮ್ಮ ಮನ್ಯಾಗೇ ಬಿಟ್ಟು ಬಂದೀದಿ. ಚಹಾದ ಕಪ್ಪಿನ ಬಾಜೂಕೇ ಇತ್ತು.

ಮಚ್ಛೇಂದ್ರ: ಯಾವಾಗಿನ ಚಹಾ?

ಚಾಂದಬೀ: ಈಗಿಂದೇ, ಅಣ್ಣಾ. ರೋಜ್ ಬರ್ತಾಳಲ್ಲ! ನಿಮ್ಮ ನಾಯಿ ಬಾಗಲಾ ಕೆರದ್ರ ಜಲ್ದಿ ಎದ್ದು ಹಿತ್ತಲಾಗ ಹೋಗಿ ಕುಂಡರ್ತಾಳ. ನಿಮ್ಮಿಬ್ಬರದು ಏನೋ ಆಟ ಅಂತ ಸುಮ್ಮ ಇದ್ದೆ.

ಜಿಜಾಬಾಯಿ ಆಗಿನಿಂದ ಕಣ್ಣು ಹೊಡೆಯುತ್ತಲೇ ಇದ್ದಳು. ಚಾಂದಬೀ ನೋಡಿದ್ದರೆ ತಾನೆ!

ಮಚ್ಛೇಂದ್ರ: ಅಂದ್ರ... ತೊಗರಿ ಹೊಲ?

ಜಿಜಾಬಾಯಿ: ತೊಗರ್ಯಾಗ ಹಾವ ಇರ್ತಾವ್ರಿ.

ಮಚ್ಛೇಂದ್ರ: ಬಿಸಲಾಗ ಬ್ಯಾಳಿ ಆದೆ ಅಂದಿ!

ಜಿಜಾಬಾಯಿ: ಚಾಂದಬೀ ಮನ್ಯಾಗೇನು ಸೆಕಿ ಕಮ್ಮಿ ಅದನಾ?

ಮಚ್ಛೇಂದ್ರ ಹೊರಸಿನ ಕೆಳಗೆ ತೂರಿ ನಾಯಿಯನ್ನು ಎಳೆದು ತಬ್ಬಿಕೊಂಡ.

ಮಚ್ಛೇಂದ್ರ: ಶಾಬಾಶ್ ನನ ಮಗನ! ಆಕಿ ಎಲ್ಲಿ ಇದ್ಲೋ ಅಲ್ಲಿಗೇ ಹೋಗೀದಿ, ನಾನೇ ಕುಡ್ಡ ಆಗಿದ್ದೆ! ನಾಗಸೇನ ಬರ್ಲಿ, ಎದಿ ತಟ್ಟಿ ಹೇಳ್ತೇನಿ. ಈ ಮೂಗು ಎಂದೂ ತಪ್ಪಾಂಗಿಲ್ಲ!

ಜಿಜಾಬಾಯಿ: ಎಂದೂ?

ಮಚ್ಛೇಂದ್ರ: ಎಂದೆಂದೂ!

ಜಿಜಾಬಾಯಿ: ಚಾಂದಬೀ, ಕೇಳಿದಿ ಹೌದಲ್ಲ? ಹ್ವಾದ ಐತವಾರ ಇವರು ಬುದ್ಧ ವಿಹಾರಕ್ಕ ಹೋಗ್ತೇನಿ ಅಂತ ಹೋದ್ರು. ಫೋನ ಮರತಿದ್ರು. ಕೊಟ್ಟು ಬರೋಣಂತ ಇವರ ರುಮಾಲ ಮೂಸಿಸಿ ನಾಯಿ ಹಿಂದ ನಡದೆ. ಸೀದಾ ಜಿಲೇಬಿ ಅಂಗಡಿ ಮುಂದ ಹೋಗಿ ಕುಂತಿತು. ಶುಗರ ಇದ್ದ ಮನಶ್ಯಾ ಇಲ್ಲಿಗ್ಯಾಕ ಬರ್ತಾನ, ಸುಳ್ಳ ನಾಯಿ ಅಂತ ಬೈದು, ಒಳಗ ಹಣಿಕಿನೂ ಹಾಕಲಾರದ ಎಳಕೊಂಡ ಬಂದೆ.

ಮಚ್ಛೇಂದ್ರ: ಆವತ್ತು ಅದಕ... ನೆಗಡಿ ಆಗಿತ್ತು.

ಜಿಜಾಬಾಯಿ: ಹಂಗಾದ್ರ ತಪ್ತದ ಅಂದಂಗಾತು. ಕಟ್ರಿ ಗಂಟು, ಸಂತಪುರಕ್ಕ ಕಳಸೋಣ.

ಫೋನು ರಿಂಗಾಯಿತು. ನಾಗಸೇನ ಬಸ್ಸಿಳಿದಿದ್ದ. ನಾಯಿ ಯಜಮಾನನ ಮುಖ ನೋಡಿತು. ಯಜಮಾನ ನಾಯಿಯ ಮುಖ ನೋಡಿದ.

ಜಿಜಾಬಾಯಿ: ಹೇಳ್ರಿ. ಮೂಗು ಖರೆ ಏನ, ಸುಳ್ಳೋ?

ಮಚ್ಛೇಂದ್ರ: ಖರೆ. ಪಾವ ಕಿಲೋ. ಬಿಸಿ ಇದ್ದವು.

ಜಿಜಾಬಾಯಿ: ಮದಿವ್ಯಾದಾಗಿಂದ ಈ ಬಾಯಾಗ ಬಂದ ಮೊದಲನೇ ಖರೆ ಮಾತು. ಅದೂ ನಾಯಿ ಸಾಕ್ಷಿ ಹೇಳಿದ ಮ್ಯಾಲ!

ಮಚ್ಛೇಂದ್ರ: ಬೈಯೋದು ಆಮ್ಯಾಲ ಬೈಯಿ. ಈಗ ನಿನ್ನ ತಮ್ಮನ ಎದುರಿಗೆ ಒಂದ ಸಲ ಅಡಗು, ಜಿಜಾ. ಇದೇ ಕಡೀ ಸಲ. ಇನ್ನ ಎಂದೂ ಕೇಳಾಂಗಿಲ್ಲ.

ಚಾಂದಬೀ: (ಮೆಲ್ಲಗೆ ಹಿಂದೆ ಸರಿಯುತ್ತ) ನಾ ಹಾಲು ಒಲಿ ಮ್ಯಾಲ ಇಟ್ಟು ಬಂದೀನಿ.

ಜಿಜಾಬಾಯಿ ಗೂಟದ ಮೇಲಿನ ಸೀರೆಯ ತುಂಡನ್ನು ಗಂಡನ ತೊಡೆಯ ಮೇಲೆ ಒಗೆದಳು. ಕನ್ನಡಕ ಏರಿಸಿಕೊಂಡು ಹೊಸ್ತಿಲ ಮೇಲೆ ನಿಂತಳು.

ಜಿಜಾಬಾಯಿ: ಹೋಗ್ತೇನಿ. ನಾಯಿ ಹೊಲದ ಕಡೀಗಿ ಎಳೀಲಾಕ ಹತ್ತಿತು ಅಂದ್ರ ಮಾತ್ರ ನಾಗಸೇನನ ಸಂಗಾಟ ಕಳಸ್ರಿ. ಕಲಿಸಿದ್ದೆಲ್ಲಾ ಮರತದ ಅಂತ ತಿಳೀರಿ.

ಹಾಗಂದವಳೇ ಸೆರಗು ಸಿಗಿಸಿಕೊಂಡು ಕಡೆಯ ಸಲ ಅಡಗಲು ಮನೆಯಿಂದ ಹೊರಬಿದ್ದಳು.