ಕಾಳಪ್ಪನ ಕಾರ್ಬೊರೇಟರ್

ಮುರುಗೇಶನ ಹಳೇ ಕಾರಿನಲ್ಲಿ ಎಲ್ಲವೂ ಐವತ್ತೆಂಟನೇ ಇಸವಿಯದೇ ಇತ್ತು, ಕಾರ್ಬೊರೇಟರ್ ಒಂದನ್ನು ಬಿಟ್ಟು. ಅದು ಎಂಬತ್ತೆಂಟರ ಯಾವುದೋ ವ್ಯಾನಿನದು. ಭಾನುವಾರ ಹಂಪಿಯಲ್ಲಿ ಹಳೇ ಕಾರುಗಳ ಮೆರವಣಿಗೆ. ಇಂಜಿನ್ನಿನ ಪ್ರತಿಯೊಂದು ಭಾಗವೂ ಕಾರಿನ ಕಾಲದ್ದೇ ಆಗಿರಬೇಕೆಂದು ಸಮಿತಿಯ ಕಟ್ಟಳೆ. ತಪಾಸಣೆಯವರು ಇವತ್ತೇ ಸಂಜೆ ಐದಕ್ಕೆ ಹೊಸಪೇಟೆಯ ಅವನ ಮನೆಗೆ ಬರುವವರಿದ್ದರು.

ಕಾರು ಪಾಸಾಗದಿದ್ದರೆ ಮುರುಗೇಶನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಅವನ ತಾಯಿ ಚೆನ್ನಬಸಮ್ಮ ಅರವತ್ತು ವರ್ಷದ ಹಿಂದೆ ಮದುಮಗಳಾಗಿ ಬಂದದ್ದು ಅದೇ ಕಾರಿನಲ್ಲಿ. ಭಾನುವಾರ ಮುಂದಿನ ಸೀಟಿನಲ್ಲೇ ಕೂತು ಹಂಪಿಗೆ ಹೋಗುತ್ತೇನೆಂದು ಇಡೀ ಓಣಿಗೆ ಸಾರಿಬಿಟ್ಟಿದ್ದಳು. ಅವ್ವ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಪಕ್ಕದ ಮನೆಯ ಲಿಂಗರಾಜ್ ಗಣಿ ಆಫೀಸಿನಿಂದ ನಿವೃತ್ತನಾದವನು. ಬೇರೆಯವರ ಕೆಲಸವೆಂದರೆ ಅವನಿಗೆ ಹಬ್ಬ.

"ಕಾರಿಗೆ ಬೇಕು ಅಂದ್ಯೋ, ಗಣಿ ಸಾಹುಕಾರ್ರ ರೇಟು ಹೇಳ್ತಾರ ನೋಡು," ಎಂದ ಲಿಂಗರಾಜ್. "ಹೊಳಿ ದಂಡಿ ಪಂಪಿಗೆ ಅನ್ನು. ಬುಕ್ಕಸಾಗರದ ಕಾಳಪ್ಪ ಅಂತ ಹೇಳ್ಕೊ. ಹರಕು ಲುಂಗಿ ಉಟ್ಕೊ, ಪರ್ಸು ಮನ್ಯಾಗ ಇಡು. ಯಾರು ಫೋನ್ ಮಾಡಿ ಕೇಳಿದ್ರೂ ನಾ ಸಾಕ್ಷಿ ಹೇಳ್ತೀನಿ."

ಹಳೇ ಕಾರಿನ ಇಂಜಿನ್ನಿಗೆ ಪಂಪು ಕಟ್ಟಿ ಗದ್ದೆಗೆ ನೀರೆತ್ತುವವರು ಆ ಕಡೆ ಇನ್ನೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಹಾಗಾಗಿ ಮುರುಗೇಶನಿಗೂ ಉಪಾಯ ಸರಿಯೆನಿಸಿತು. ಲುಂಗಿ ಉಟ್ಟು ಕಂಪ್ಲಿಯ ಬಸ್ಸು ಹತ್ತಿದ.

ಕಂಪ್ಲಿಯಲ್ಲಿ ಗುಜರಿ ಅಂಗಡಿಯ ಹೊಳೆಮ್ಮ ಅವನ ಕತೆ ಕೇಳಿ ಲೊಚಗುಟ್ಟಿದಳು.

"ಒಂದಽ ಪೀಸು ಐತಪ್ಪ, ಸಂಡೂರಾಗ ಮೆಕ್ಯಾನಿಕ್ ಜಂಬಪ್ಪನ ಹಂತೇಲಿ. ಜಲ್ದಿ ಹೋಗು. ಹೊಸಪೇಟಿ ಪಾರ್ಟಿ ಒಂದು ಅದಕ್ಕ ಗಂಟು ಬಿದ್ದೈತಂತ."

ಯಾರಪ್ಪ ಈ ಹಾಳು ಪಾರ್ಟಿ? ಸಂಡೂರು ಮುಟ್ಟುವವರೆಗೂ ಮುರುಗೇಶ ಆ ಪಾರ್ಟಿಯ ವಂಶವನ್ನೆಲ್ಲ ಬೈದುಕೊಂಡ.

ಅಷ್ಟರಲ್ಲಿ ಮೂರು ಗಂಟೆ. ಗ್ಯಾರೇಜಿನಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಮುರುಗೇಶ ಒಣಗಿದ ಗದ್ದೆಯ ಕತೆಯನ್ನು ಕಣ್ಣೀರು ಸಮೇತ ಹೇಳಿದ. ಮುದುಕ ಜಂಬಪ್ಪ ವಿಭೂತಿ ಹಚ್ಚಿಟ್ಟಿದ್ದ ಕಾರ್ಬೊರೇಟರನ್ನು ಬಟ್ಟೆಯಿಂದ ಬಿಚ್ಚಿ ತೋರಿಸಿದ.

"ಐವತ್ತೆಂಟರದ್ದು. ಆದ್ರ ಕೊಡಾಕ ಬರಂಗಿಲ್ಲಪ್ಪ, ಮಾತು ಕೊಟ್ಟೀನಿ. ಹೊಸಪೇಟಿ ಮುರುಗೇಶ್ ಸಾಹೇಬ್ರಿಗೆ. ಬೆಳಿಗ್ಗೆ ಲಿಂಗರಾಜ್ ಸಾರು ಮೆಕ್ಯಾನಿಕ್ಕುಗಳ ವಾಟ್ಸಾಪ್ ಗ್ರೂಪಿನ್ಯಾಗ ಅವರ ನಂಬರ್ರು, ತಮ್ಮ ನಂಬರ್ರು ಎರಡೂ ಹಾಕಿದ್ರು. ನಾ ಅಲ್ಲೇ ಹ್ಞೂಂ ಅಂತ ಬರದೀನಿ, ಅವರಿನ್ನೂ ನೋಡಿಲ್ಲ."

ಮುರುಗೇಶನಿಗೆ ತಲೆ ಗಿರ್ರೆಂದಿತು. ದಾರಿಯುದ್ದಕ್ಕೂ ಅವನು ಬೈದದ್ದು ತನ್ನದೇ ವಂಶವನ್ನು! ಈಗ ನಾನೇ ಆ ಸಾಹೇಬ ಎನ್ನಬೇಕೋ, ಕಾಳಪ್ಪನಾಗಿಯೇ ಇರಬೇಕೋ ತಿಳಿಯದೆ ಬಾಯಿ ತೆರೆದು ನಿಂತ. ಅದನ್ನು ಜಂಬಪ್ಪ ದುಃಖವೆಂದುಕೊಂಡ.

"ಅಳಬ್ಯಾಡೋ. ಬಿಟ್ಟುಕೊಡ್ತಾರೇನು ಸಾಹೇಬ್ರನ್ನಽ ಕೇಳಿ ನೋಡ್ತೀನಿ," ಎಂದು ನಂಬರು ಒತ್ತಿದ.

ಮುರುಗೇಶನ ಲುಂಗಿಯ ಮಡಿಕೆಯಲ್ಲಿ ಫೋನು ಹೊಡೆದುಕೊಂಡಿತು.

"ಸಾಹೇಬ್ರ ಫೋನು ನಿನ್ನ ಲುಂಗ್ಯಾಗ ಹೆಂಗ ಬಂತಲೇ?" ಜಂಬಪ್ಪ ಫೋನು ಕಿತ್ತುಕೊಂಡ.

"ನಾನಽ ಮುರುಗೇಶ್ ರೀ!"

"ಈಗರೆ ಕಾಳಪ್ಪ ಅಂದಿ!"

ಗಿರಾಕಿಗಳು ಸುತ್ತುವರಿದರು. ತೋರಿಸಲು ಆಧಾರ್ ಕಾರ್ಡು ಪರ್ಸಿನಲ್ಲಿ, ಪರ್ಸು ಮನೆಯಲ್ಲಿ. ಜಂಬಪ್ಪ ಲಿಂಗರಾಜನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದ. ಲಿಂಗರಾಜ್ ಕೊಟ್ಟ ಮಾತಿಗೆ ತಪ್ಪುವವನಲ್ಲ.

"ಅಂವ ಬುಕ್ಕಸಾಗರದ ಕಾಳಪ್ಪನಽ ರೀ, ಭಾಳ ಬಡವ. ಮುರುಗೇಶನಽ ಫೋನ್ ಕೊಟ್ಟು ಕಳಿಸ್ಯಾನ. ಮುರುಗೇಶಗ ಸಾಮಾನು ಬ್ಯಾಡಂತ, ಇವಗಽ ಕೊಟ್ಟುಬಿಡ್ರಿ."

"ಲಿಂಗರಾಜಣ್ಣಾ, ಖರೇ ಹೇಳೋ!" ಮುರುಗೇಶ ಕಿರುಚಿದ.

"ನೋಡ್ರಿ ಪಾಪ, ಗದ್ದಿ ಒಣಗಿ ತಲಿ ಕೆಟ್ಟೈತಿ," ಎಂದು ಲಿಂಗರಾಜ್ ಫೋನಿಟ್ಟ. ಇಂಥ ನಟನೆ ಮುರುಗೇಶನಿಗೆ ಯಾವಾಗ ಬಂತೆಂದು ಲಿಂಗರಾಜನಿಗೇ ಆಶ್ಚರ್ಯವಾಗಿರಬೇಕು.

ಜಂಬಪ್ಪನ ಕಣ್ಣು ಒದ್ದೆಯಾಯಿತು. "ತಪ್ಪಾತಪ್ಪ ಕಾಳಪ್ಪ, ಅನುಮಾನ ಪಟ್ಟೆ. ಇದು ನಿಂದು. ಮಾತು ಕೊಟ್ಟೆ. ದುಡ್ಡೂ ಬ್ಯಾಡ."

ಯಾವ ಹೆಸರಿಗಾದರೂ ಸಿಗಲಿ, ಕಾರು ಸೇರಿದರೆ ಸಾಕು ಎಂದುಕೊಂಡು ಮುರುಗೇಶ ಕೈ ಚಾಚಿದ. ಜಂಬಪ್ಪ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡ.

"ಕೈಯಾಗ ಕೊಡೋ ಪದ್ಧತಿ ನನ್ನಲ್ಲಿಲ್ಲ. ಯಾವ ಇಂಜಿನ್ನಿಗೋ ಅದಕ್ಕ ನಾನಽ ಕೂಡಿಸಿ, ಚಾಲೂ ಮಾಡಿ ಬರ್ತೀನಿ. ಬೈಕು ಹತ್ತು."

ಬೈಕು ಪಾಪಿನಾಯಕನಹಳ್ಳಿಯ ಮೇಲೆ ಹಾದು, ಹೊಸಪೇಟೆಯನ್ನು ಮುಟ್ಟದೆಯೇ ಬುಕ್ಕಸಾಗರದ ದಾರಿ ಹಿಡಿದು ಕಮಲಾಪುರದ ಕಡೆ ಓಡಿತು. ತಾನು ಮುರುಗೇಶನೆಂದು ಮುರುಗೇಶ ದಾರಿಯಲ್ಲಿ ಮೂರು ಸಲ ಹೇಳಿದ. ಮೂರು ಸಲವೂ ಜಂಬಪ್ಪ ಜ್ವರ ಬಂದ ಕೂಸಿಗೆ ಹೇಳುವಂತೆ "ಹೌದೌದು, ಗಟ್ಟಿ ಹಿಡ್ಕೊ" ಎಂದ.

ಬುಕ್ಕಸಾಗರ ಮುಟ್ಟಿದಾಗ ಸರಿಯಾಗಿ ಐದು. ಜಂಬಪ್ಪನ ಕಿಸೆಯಲ್ಲಿದ್ದ ಮುರುಗೇಶನ ಫೋನು ಹೊಡೆದುಕೊಂಡಿತು. ಅವನು ಬೈಕು ನಿಲ್ಲಿಸಿ ಸ್ಪೀಕರಿಗೆ ಹಾಕಿದ.

"ಮುರುಗೇಶಾ, ತಪಾಸಣಿಯವರು ಬಂದು ಕುಂತಾರ. ನಾ ಆಗಲೇ ಸೀರಿ ಉಟ್ಟು ಕಾರಿನ್ಯಾಗ ಕುಂತೀನಿ. ಎಲ್ಲದೀಯಪ್ಪ?"

"ಅವ್ವಾ!"

"ದನಿ ಯಾಕ ಹಂಗಾಗೈತಿ ಮಗನ? ಉಂಡಿಯಿಲ್ಲೋ?"

ಹೆತ್ತ ತಾಯಿಗೆ ಮಗನ ದನಿ ತಪ್ಪುವುದುಂಟೇ? ಜಂಬಪ್ಪ ಬೈಕಿನಿಂದಿಳಿದು ಕೈಮುಗಿದ. "ಖರೇನಽ ನೀವು ಮುರುಗೇಶ್ ಸಾಹೇಬ್ರು!"

ಮುರುಗೇಶನಿಗೆ ಈ ಸಲ ನಿಜವಾದ ಅಳುವೇ ಬಂತು. "ಅವ್ವಾ, ಅವರಿಗೆ ಚಾ ಕುಡಿಸು, ಅರ್ಧ ತಾಸಿನ್ಯಾಗ ಬಂದೆ! ಕೊಡ್ರಿ ಜಂಬಪ್ಪಾರ, ಜಲ್ದಿ ಕೊಡ್ರಿ!"

"ಹೆಂಗ ಕೊಡ್ಲಿರಿ? ನಿಮಗ ಬ್ಯಾಡಂದಿದ್ದಕ್ಕ ಕಾಳಪ್ಪಗ ಮಾತು ಕೊಟ್ಟೀನಲ್ಲ."

"ಕಾಳಪ್ಪ ಅನ್ನೋನಽ ಇಲ್ಲ ಮಾರಾಯಾ!"

"ಲಿಂಗರಾಜ್ ಸಾರು ಅದಾನ ಅಂದ್ರು, ನೀವು ಇಲ್ಲ ಅಂತೀರಿ. ಯಾರನ್ನ ನಂಬ್ಲಿ? ಊರಾಗ ಕೇಳೋಣು. ಇಲ್ಲ ಅಂದ್ರ ಈಗಿಂದೀಗ ನಿಮ್ಮ ಕಾರಿಗೆ ಕೂಡಿಸ್ತೀನಿ."

ಆಗಲಿ ಎಂದ ಮುರುಗೇಶ. ಎದುರಿಗೇ ಚಹಾದಂಗಡಿ, ಬೆಂಚಿನ ಮೇಲೆ ಐದು ಜನ ಕೂತಿದ್ದರು. ಜಂಬಪ್ಪ ಕಾರ್ಬೊರೇಟರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಇಲ್ಲಿ ಕಾಳಪ್ಪ ಅಂತ ಯಾರರೆ ಅದಾರೇನ್ರಿ? ಪುಕ್ಕಟೆ ಕೊಡಾಕ ತಂದೀನಿ."

ಐವರೂ ಎದ್ದು ನಿಂತರು.