ತೊಂಬತ್ತಮೂರರಲ್ಲಿ ನಿಂತ ಬಾತುಕೋಳಿ

ಎಲ್ಲ ಅವಾಂತರಕ್ಕೂ ಮೂಲ ಒಂದು ಬಾತುಕೋಳಿ. ನೀರಲ್ಲಿ ಈಜುವ ಬಾತುಕೋಳಿಯಲ್ಲ, ಮಕ್ಕಳ ಸ್ವೆಟರಿನ ಎದೆಯ ಮೇಲೆ ಕೂರಬೇಕಾಗಿದ್ದ ಹಳದಿ ಉಣ್ಣೆಯ ಬಾತುಕೋಳಿ.

ಅಕ್ಕ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ತನ್ನ ನಡುಮನೆಯಲ್ಲಿ ಎಂಟು ಹೆಂಗಸರಿಗೆ ಹೆಣಿಗೆ ಹೇಳಿಕೊಡುತ್ತಿದ್ದಳು. ಹೆಣಿಗೆಗೆ ನಕ್ಷೆ ಬೇಕು. ನಕ್ಷೆಗೆ ಗ್ರಾಫ್ ಹಾಳೆಯ ಒಂದೊಂದು ಚೌಕವನ್ನೂ ಬಣ್ಣದ ಪೆನ್ಸಿಲಿನಿಂದ ತುಂಬಬೇಕು. ತುಂಬುವುದಕ್ಕೆ ಒಬ್ಬ ತಮ್ಮ ಬೇಕು. ಆ ತಮ್ಮ ವಾರದಲ್ಲಿ ಆರು ದಿನ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದ, ಏಳನೆಯ ದಿನ ಚೌಕ ತುಂಬುತ್ತಿದ್ದ. ಯಾರು ಏನು ಕೇಳಿದರೂ ‘ಆಗ್ಲಿ ಬಿಡಿ’ ಅನ್ನುವುದರಿಂದ ಅಕ್ಕನಿದ್ದ ಕಟ್ಟಡದ ಮೂರು ಅಂತಸ್ತಿನವರೂ ಅವನನ್ನು ಆಗ್ಲಿಬಿಡಿ ಎಂದೇ ಕರೆಯುತ್ತಿದ್ದರು. ಅವನಿಗಿದ್ದದ್ದು ಒಂದೇ ಆಸೆ: ಒಂದಾದರೂ ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡು, ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುವುದು.

ಆ ಭಾನುವಾರ ಬೆಳಗ್ಗೆ ಅವನು ಲ್ಯಾಪ್‌ಟಾಪ್ ತಬ್ಬಿಕೊಂಡು ಅಕ್ಕನ ಮನೆಗೆ ಓಡಿ ಬಂದ.

“ಅಕ್ಕಾ, ಸಿಕ್ತು! ಚಿತ್ರ ಕೊಟ್ರೆ ತಾನೇ ಚೌಕ ಮಾಡಿಕೊಡೋ ಪ್ರೋಗ್ರಾಮು. ಪುಕ್ಕಟೆ!”

“ಹಾಗಾದ್ರೆ ಹಾಕು, ನೋಡೋಣ.”

“ಹಾಕೋಕೆ ಬರಲ್ಲ, ಕಟ್ಟಿಕೊಳ್ಳಬೇಕು. ಬರೀ ಸೋರ್ಸ್ ಕೋಡ್ ಇಟ್ಟಿದ್ದಾರೆ. ಅಂದ್ರೆ ಸ್ವೆಟರ್ ಕೊಡೋ ಬದಲು ಉಣ್ಣೆ ಉಂಡೆ, ಸೂಜಿ ಕೈಗಿಟ್ಟು ಹೋದ ಹಾಗೆ.”

“ಪುಕ್ಕಟೆ ಅಂದ್ಮೇಲೆ ಅಷ್ಟಾದ್ರೂ ಮೈ ಬಗ್ಗಿಸಬೇಡ್ವೇನೋ?”

ಒಪ್ಪಂದವಾಯಿತು. ನಾಲ್ಕು ಗಂಟೆಯೊಳಗೆ ಯಂತ್ರ ಬಾತುಕೋಳಿ ಹಾಕಿಕೊಟ್ಟರೆ ತಮ್ಮನಿಗೆ ಜನ್ಮಪೂರ್ತಿ ಚೌಕಗಳಿಂದ ಬಿಡುಗಡೆ. ಹಾಕಿಕೊಡದಿದ್ದರೆ ಎಂಟು ಮಕ್ಕಳ ಎಂಟು ಅಳತೆಗೆ ಎಂಟು ಬಾತುಕೋಳಿ ಕೈಯಲ್ಲೇ ಬರೆಯಬೇಕು.

“ಅದು ಮುಗಿದ್ಮೇಲೆ ಆನೆ,” ಅಂದಳು ಅಕ್ಕ. ಆನೆಗೆ ಎಷ್ಟು ಚೌಕವೆಂದು ನೆನೆದೇ ಅವನ ಬೆರಳು ಮರಗಟ್ಟಿತು.

ಹತ್ತು ಗಂಟೆಗೆ ಕೆಲಸ ಶುರುವಾಯಿತು. ಮೊದಲ ಆಜ್ಞೆ ಕೊಟ್ಟ ಕೂಡಲೆ ಯಂತ್ರ, ಇನ್ನೊಂದು ಲೈಬ್ರರಿ, ಅಂದರೆ ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಕಟ್ಟು, ತಂದರೆ ಮಾತ್ರ ಮುಂದಕ್ಕೆ ಹೋಗುತ್ತೇನೆ ಅಂದಿತು. ಅದನ್ನು ತಂದರೆ ಅದಕ್ಕೆ ಮತ್ತೊಂದು ಬೇಕು. ಮತ್ತೊಂದಕ್ಕೆ ಮಗದೊಂದು. ಪಕ್ಕದ ಮನೆಗೆ ಕತ್ತರಿ ಕೇಳಲು ಹೋದರೆ ಅವರು “ನಮ್ಮ ಸೌಟು ಕೆಳಗಿನ ಮನೆಯಲ್ಲಿದೆ, ಮೊದಲು ಅದನ್ನ ತಂದ್ಕೊಡಿ” ಅಂದಂತೆ. ಕೆಳಗಿನ ಮನೆಯವರ ಏಣಿ ಮೇಲಿನ ಮನೆಯಲ್ಲಿ ಬೇರೆ! ಹೀಗೆ ಹನ್ನೊಂದು ಲೈಬ್ರರಿ ಕೂಡಿಹಾಕುವ ಹೊತ್ತಿಗೆ ಅಕ್ಕ ಎರಡು ಸಲ ಟೀ ಕೊಟ್ಟಾಗಿತ್ತು.

ಹನ್ನೆರಡೂವರೆಗೆ ಪರದೆಯ ಮೇಲೆ ‘ಶೇಕಡಾ ಒಂದು’ ಎಂದು ಮೂಡಿತು. ಅಕ್ಷರಗಳು ಸರಸರ ಮೇಲಕ್ಕೆ ಹರಿಯತೊಡಗಿದವು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಫ್ಯಾನು ‘ಗುಂಯ್’ ಎಂದು ಕೂಗಿತು, ಆ ಸದ್ದಿಗೆ ಎದುರು ಮನೆಯ ನರ್ಸಮ್ಮ ಓಡಿ ಬಂದರು. ಅವರು ಯಾವುದನ್ನು ಕಂಡರೂ ಮೊದಲು ಮುಟ್ಟಿ ನೋಡುವವರು.

“ಅಯ್ಯೋ, ಜ್ವರ ಕೆಂಡದ ಹಾಗೆ ಸುಡ್ತಿದೆಯಲ್ಲಪ್ಪ!”

“ಜ್ವರ ಅಲ್ಲ ನರ್ಸಮ್ಮ, ಕೆಲಸ ಮಾಡ್ತಿದೆ.”

“ಕೆಲಸ ಮಾಡಿದ್ರೆ ಹೀಗೆ ಏದುಸಿರು ಬಿಡುತ್ತಾ? ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿ ಇದು ಒಳ್ಳೇ ಲಕ್ಷಣ ಅಲ್ಲ.”

ಅವರು ಐಸ್ ಚೀಲ ತಂದು ಲ್ಯಾಪ್‌ಟಾಪಿನ ಅಡಿಗಿಟ್ಟರು. ಐಸ್ ಕರಗಿ ಮೇಜಿನ ತುಂಬ ನೀರಾಯಿತು. ಲ್ಯಾಪ್‌ಟಾಪು ಒದ್ದೆಯಾಗದಿರಲೆಂದು ಆಗ್ಲಿಬಿಡಿ ಅದನ್ನು ಎರಡೂ ಕೈಯಲ್ಲಿ ಮೇಲೆತ್ತಿ, ಎಳೆ ಕೂಸನ್ನು ಹಿಡಿದ ಹಾಗೆ ನಿಂತ. ಶೇಕಡಾ ಮೂವತ್ತು. ನರ್ಸಮ್ಮ ಕೆಳಗಿನಿಂದ ಬೀಸಣಿಗೆ ಬೀಸಿದರು, ಅಕ್ಕ ಮೇಜು ಒರೆಸಿದಳು.

“ಕೈ ನಡುಗಿಸ್ಬೇಡ್ವೋ, ಅದಕ್ಕೆ ತಲೆ ಸುತ್ತುತ್ತೆ!” ಎಂದು ನರ್ಸಮ್ಮ ಗದರಿದರು.

ಶೇಕಡಾ ನಲವತ್ತೆಂಟಕ್ಕೆ ದೀಪ ಮಿಣಮಿಣ ಅಂದಿತು. ಲ್ಯಾಪ್‌ಟಾಪಿನ ಬ್ಯಾಟರಿ ಯಾವತ್ತೋ ಸತ್ತಿತ್ತು. ಕರೆಂಟು ಹೋದರೆ ಎಲ್ಲ ನಿಲ್ಲುತ್ತದೆ. ಮತ್ತೆ ಕರೆಂಟು ಬರುವ ತನಕ ಕಾಯುವಷ್ಟು ಹೊತ್ತು ಉಳಿದಿಲ್ಲ. ಆ ಕಟ್ಟಡದಲ್ಲೋ ಇಬ್ಬರು ಒಟ್ಟಿಗೆ ಇಸ್ತ್ರಿ ಹಾಕಿದರೆ ಸಾಕು, ಫ್ಯೂಸು ಹಾರಿಹೋಗುತ್ತಿತ್ತು.

ಆಗ ಮೇಲಿನ ಮನೆಯ ನಿವೃತ್ತ ಗಣಿತದ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ವಿಷಯ ತಿಳಿದದ್ದೇ ಅವರ ಬೆನ್ನು ನೆಟ್ಟಗಾಯಿತು.

“ಯಾರೂ ಇಸ್ತ್ರಿ ಹಾಕಬಾರದು! ಯಾರೂ ಪಂಪು ಹಾಕಬಾರದು!” ಎಂದು ಮೂರೂ ಅಂತಸ್ತಿಗೆ ಕೇಳುವಂತೆ ಕೂಗಿ, ಕೈಯಲ್ಲಿ ಕೊಡೆ ಹಿಡಿದು ಮೀಟರ್ ಪೆಟ್ಟಿಗೆಯ ಮುಂದೆ ಕಾವಲು ನಿಂತರು. ತಲೆಗೆ ಶಾಂಪೂ ಹಚ್ಚಿಕೊಂಡ ಒಬ್ಬರು ಬಚ್ಚಲ ಕಿಟಕಿಯಿಂದ, “ಮೇಷ್ಟ್ರೇ, ನಲ್ಲಿಯಲ್ಲಿ ನೀರೇ ಇಲ್ಲ, ಪಂಪು!” ಎಂದು ಬೇಡಿಕೊಂಡರು.

“ಇನ್ನು ಇಪ್ಪತ್ತೊಂದು ಪರ್ಸೆಂಟು! ಕಣ್ಣು ಮುಚ್ಕೊಂಡಿರಿ!”

ಇಡೀ ಕಟ್ಟಡ ಉಸಿರು ಬಿಗಿಹಿಡಿಯಿತು. ತೊಂಬತ್ತು. ತೊಂಬತ್ತೊಂದು. ತೊಂಬತ್ತೆರಡು. ತೊಂಬತ್ತಮೂರು. ಅಲ್ಲಿ ಯಂತ್ರ ಟಕ್ಕೆಂದು ನಿಂತು, ಒಂದು ಕೆಂಪು ಸಾಲು ಬರೆಯಿತು.

“ಹೋಯ್ತು,” ಅಂದರು ನರ್ಸಮ್ಮ, ಸಮಯ ನೋಡಿಕೊಳ್ಳುತ್ತ. “ಮೂರು ಗಂಟೆ ಹತ್ತು ನಿಮಿಷ.”

ಆಗ್ಲಿಬಿಡಿ ಕುರ್ಚಿಯಲ್ಲಿ ಕುಸಿದ. ಅಕ್ಕ ಗ್ರಾಫ್ ಹಾಳೆ ತೆಗೆದು, ಹಳದಿ ಪೆನ್ಸಿಲು ಕೆತ್ತಲು ಕುಳಿತಳು. ಆ ಕೆತ್ತುವ ಸದ್ದು ಅವನಿಗೆ ತನ್ನ ಮೂಳೆಯನ್ನೇ ಹೆರೆದಂತೆ ಕೇಳಿಸಿತು.

ಮೇಷ್ಟ್ರು ಕಾವಲು ಬಿಟ್ಟು ಒಳಗೆ ಬಂದು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕೆಂಪು ಸಾಲನ್ನು ಉತ್ತರ ಪತ್ರಿಕೆಯಂತೆ ಓದಿದರು.

“ಆರುನೂರ ಹನ್ನೆರಡನೇ ಸಾಲಂತೆ. ಏನಿದೆ ಅಲ್ಲಿ, ತೋರಿಸಪ್ಪ.”

ತೋರಿಸಿದ. ಪ್ರೋಗ್ರಾಮು ಅಲ್ಲಿ ಹೊಸ ಲೈಬ್ರರಿಯೊಂದಕ್ಕೆ ಚೌಕಗಳ ಹಾಳೆ ಹಾಕಲು ಹೇಳುತ್ತಿತ್ತು.

“ಎರಡು ಸಂಖ್ಯೆ ಕೇಳ್ತಿದೆ, ಇಲ್ಲಿ ಒಂದೇ ಕೊಟ್ಟಿದ್ದಾರೆ. ಉದ್ದ ಕೊಟ್ಟು ಅಗಲ ಕೊಡದಿದ್ರೆ ಅದೆಂಥಾ ಹಾಳೆನಯ್ಯಾ? ಯಾವ ಸೋಮಾರಿ ಬರೆದಿದ್ದು ಇದನ್ನ? ನನ್ನ ಕ್ಲಾಸಲ್ಲಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ!”

ಆಗ್ಲಿಬಿಡಿ ಅಗಲವನ್ನೂ ಸೇರಿಸಿ ಮತ್ತೆ ಆಜ್ಞೆ ಕೊಟ್ಟ. ಯಂತ್ರ ನಿಂತಲ್ಲಿಂದಲೇ ಹೊರಟಿತು. ತೊಂಬತ್ತನಾಲ್ಕು… ತೊಂಬತ್ತೊಂಬತ್ತು… ನೂರು! ನರ್ಸಮ್ಮ ಬೀಸಣಿಗೆ ಎಸೆದು ಅಕ್ಕನನ್ನು ತಬ್ಬಿಕೊಂಡರು. ಮೇಷ್ಟ್ರು ಪಂಪಿಗೆ ಅಪ್ಪಣೆ ಕೊಟ್ಟರು. ಬಚ್ಚಲಿನಿಂದ ಹರ್ಷೋದ್ಗಾರ ಕೇಳಿಸಿತು.

“ತಾಳು, ತಾಳು,” ಅಂದರು ಮೇಷ್ಟ್ರು. “ಸರಿಯುತ್ತರ ಸಿಕ್ಕಿದ್ಮೇಲೆ ಬಚ್ಚಿಟ್ಕೋಬಾರದು. ಪ್ರೋಗ್ರಾಮು ಇಟ್ಟವರ ಪುಟದಲ್ಲಿ ಬರೆದು ಹಾಕು, ಬೇರೆಯವರಿಗೂ ಉಪಯೋಗವಾಗ್ಲಿ.”

“ಆಗ್ಲಿ ಬಿಡಿ ಮೇಷ್ಟ್ರೇ.” ತಿದ್ದಿದ ಸಾಲನ್ನು ಅವನು ಅಲ್ಲಿಗೆ ಕಳಿಸಿದ.

ಮೂರೂ ಐವತ್ತಕ್ಕೆ ಪ್ರೋಗ್ರಾಮು ತೆರೆದುಕೊಂಡಿತು. ಎಂಟು ಹೆಂಗಸರು ಚಪ್ಪಲಿ ಬಿಟ್ಟು ಒಳಗೆ ಬರುವ ಹೊತ್ತಿಗೆ ಎಂಟು ಅಳತೆಯ ಎಂಟು ಬಾತುಕೋಳಿಗಳು ಪ್ರಿಂಟರಿನಿಂದ ಒಂದರ ಹಿಂದೊಂದು ಸಾಲಾಗಿ ಹೊರಬಂದವು. ಅಕ್ಕನ ಕಣ್ಣಲ್ಲಿ ನೀರು.

“ಇಷ್ಟು ವರ್ಷ ನಿನ್ನ ಕೈ ನೋಯಿಸಿದೆ ಕಣೋ. ಇನ್ನು ಚೌಕದ ಮಾತೇ ಎತ್ತಲ್ಲ. ಹೋಗು, ಮಲ್ಕೋ.”

ಒಳಕೋಣೆಯಲ್ಲಿ ಅವಳೇ ಚಾಪೆ ಹಾಸಿಕೊಟ್ಟಳು. ಅವನು ಅಂಗಾತ ಬಿದ್ದುಕೊಂಡ. ಬಾಯಿ ತಾನಾಗಿ ತೆರೆದುಕೊಂಡಿತು. ಕಣ್ಣು ಮುಚ್ಚಿತು.

ನಡುಮನೆಯಲ್ಲಿ ಲ್ಯಾಪ್‌ಟಾಪು ‘ಟಿಣ್’ ಅಂದಿತು.

“ಯಾರೋ ಕಾಗದ ಬರೆದಿದ್ದಾರೆ,” ಎಂದು ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಓದಿದರು. “‘ಮಾನ್ಯರೇ, ಹನ್ನೊಂದು ವರ್ಷದ ಹಿಂದೆ ನನ್ನ ಹೆಂಡತಿಗೋಸ್ಕರ ಈ ಪ್ರೋಗ್ರಾಮು ಬರೆದೆ. ಅವಳು ಹೆಣಿಗೆ ಬಿಟ್ಟು ಈಜು ಕಲಿತಳು. ನಾನು ಮಾತ್ರ ಇಲ್ಲೇ ಸಿಕ್ಕಿಬಿದ್ದೆ. ಇಷ್ಟು ದಿನದಲ್ಲಿ ಬೈದವರು ಸಾವಿರ ಜನ, ತಿದ್ದಿ ಕಳಿಸಿದವರು ನೀವೊಬ್ಬರೇ. ಚೆನ್ನಾಗಿ ತಿದ್ದಿದವರಿಗೇ ಪ್ರೋಗ್ರಾಮು ಒಪ್ಪಿಸಿಕೊಡುವುದು ನಮ್ಮಲ್ಲಿನ ಪದ್ಧತಿ. ಇಂದಿನಿಂದ ತಾವೇ ಇದರ ಯಜಮಾನರು. ಒಪ್ಪಿಗೆ ಇದ್ದರೆ ಕೆಳಗೆ ಒತ್ತಿ.’”

ಒಳಕೋಣೆಯಿಂದ “ಬೇ…” ಎಂಬ ಒಂದು ಧ್ವನಿ ಬಂತು.

“ಯಜಮಾನ! ನನ್ನ ತಮ್ಮ!” ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಬೆರಳಿನಿಂದ ಒತ್ತಿಬಿಟ್ಟಳು.

“…ಡಾ!” ಎನ್ನುತ್ತ ಆಗ್ಲಿಬಿಡಿ ಬಾಗಿಲಿಗೆ ಬಂದಾಗ ಎಂಟು ಹೆಂಗಸರೂ ಚಪ್ಪಾಳೆ ತಟ್ಟುತ್ತಿದ್ದರು. ಪರದೆಯ ಮೇಲೆ ಯಜಮಾನರು ಸರಿಪಡಿಸಬೇಕಾದ ದೂರುಗಳ ಪಟ್ಟಿ ಉದ್ದಕ್ಕೆ ಬಿಚ್ಚಿಕೊಂಡಿತ್ತು. ಒಟ್ಟು ನಾನೂರ ಹನ್ನೆರಡು. ಮೊದಲನೆಯದನ್ನು ನರ್ಸಮ್ಮ ಓದಿಸಿಕೊಂಡರು: ಎಡಗೈಯಲ್ಲಿ ಹೆಣೆಯುವ ಒಬ್ಬ ಅಜ್ಜಿಗೆ ಎಲ್ಲ ಪ್ರಾಣಿಗಳೂ ತಲೆಕೆಳಗಾಗಿ ಬರುತ್ತಿವೆಯಂತೆ. ಮೂರು ವರ್ಷದಿಂದ ಕಾಯುತ್ತಿದ್ದಾರಂತೆ.

“ಅಯ್ಯೋ ಪಾಪ, ವಯಸ್ಸಾದವರು,” ಎಂದು ಅಕ್ಕ ಕುರ್ಚಿ ಎಳೆದುಕೊಟ್ಟಳು. “ಕೂತ್ಕೋ ಕಂದಾ. ಟೀ ಮಾಡ್ತೀನಿ. ಭಾನುವಾರ ಹೇಗೂ ಬಿಡುವಾಗಿಯೇ ಇರ್ತೀಯಲ್ಲ.”

ಅವನು ಕುಳಿತ. ಲ್ಯಾಪ್‌ಟಾಪು ಇನ್ನೊಂದು ಸಲ ‘ಟಿಣ್’ ಅಂದಿತು. ಹಳೆಯ ಯಜಮಾನರು ಒಂದು ಫೋಟೋ ಕಳಿಸಿದ್ದರು. ನೀಲಿ ನೀರಿನಲ್ಲಿ ಗಂಡ ಹೆಂಡತಿ ಇಬ್ಬರೂ ಅಂಗಾತ ತೇಲುತ್ತಿದ್ದರು. ಗಂಡನ ಬಾಯಿ ತೆರೆದಿತ್ತು, ಕಣ್ಣು ಮುಚ್ಚಿತ್ತು. ಕೆಳಗೆ ಒಂದೇ ಸಾಲು:

‘ಹನ್ನೊಂದು ವರ್ಷದಲ್ಲಿ ಇದು ನನ್ನ ಮೊದಲ ಭಾನುವಾರ. ತಮ್ಮ ಉಪಕಾರ ಮರೆಯಲಾರೆ.’